36ನೇ ಹೆಸರು, 57ನೇ ಹೆಸರು: ನ್ಯಾಯಮೂರ್ತಿಗಳ ಆಯ್ಕೆಗೆ ಅಳತೆಗೋಲು ಎಲ್ಲಿದೆ?

2019ರ ಏಪ್ರಿಲ್‌ನಲ್ಲಿ ಕೊಡಗು ಮೂಲದ ಎ.ಎಸ್. ಬೋಪಣ್ಣ ಅವರ ಹೆಸರು ಸುಪ್ರೀಂ ಕೋರ್ಟಿಗೆ ಶಿಫಾರಸಾಯಿತು. ಆಗ ಅವರು ಗುವಾಹಟಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ದೇಶದ ಹೈಕೋರ್ಟ್ ನ್ಯಾಯಮೂರ್ತಿಗಳ ಹಿರಿತನದ ಪಟ್ಟಿಯಲ್ಲಿ ಅವರದು 36ನೇ ಸ್ಥಾನ. ಕೇಂದ್ರ ಸರ್ಕಾರ ಕಡತವನ್ನು ವಾಪಸ್ ಕಳಿಸಿತು. ಅವರಿಗಿಂತ ಹಿರಿಯರಿದ್ದಾರೆ, ಬೇರೆ ಪ್ರದೇಶಗಳಿಗೂ ಅವಕಾಶ ಸಿಗಬೇಕು ಎಂಬುದು ಸರ್ಕಾರದ ಮಾತು. ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಕೂಟ, ಅಂದರೆ ಕೊಲಿಜಿಯಂ, ಮೇ 8ರಂದು ಅದೇ ಹೆಸರನ್ನು ಮತ್ತೆ ಕಳಿಸಿತು. ಅವರ ಸಾಮರ್ಥ್ಯ, ನಡತೆ, ಪ್ರಾಮಾಣಿಕತೆಯ ಬಗ್ಗೆ ಒಂದೂ ಆಕ್ಷೇಪ ಇಲ್ಲ ಎಂದು ಬರೆಯಿತು. ಮೇ 24ರಂದು ಬೋಪಣ್ಣ ಪ್ರಮಾಣ ವಚನ ಸ್ವೀಕರಿಸಿದರು.

ಈಗ 2025ರ ಆಗಸ್ಟ್‌ಗೆ ಬನ್ನಿ. ಕೊಲಿಜಿಯಂ ಪಟ್ನಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ವಿಪುಲ್ ಪಂಚೋಲಿ ಅವರ ಹೆಸರನ್ನು ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿತು. ಹಿರಿತನದ ಪಟ್ಟಿಯಲ್ಲಿ ಅವರದು 57ನೇ ಸ್ಥಾನ ಎಂದು ಪತ್ರಿಕೆಗಳು ಬರೆದವು. ಕೊಲಿಜಿಯಂನಲ್ಲಿದ್ದ ನಮ್ಮ ರಾಜ್ಯದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪದೆ ಭಿನ್ನ ಟಿಪ್ಪಣಿ ಬರೆದರು ಎಂಬುದೂ ವರದಿಯಾಯಿತು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಒಪ್ಪಿತು.

36ನೇ ಸ್ಥಾನದ ಹೆಸರಿಗೆ ಹಿರಿತನದ ಆಕ್ಷೇಪ ಬಂತು. 57ನೇ ಸ್ಥಾನದ ಹೆಸರಿಗೆ ಬರಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಅರ್ಹರು ಎಂಬುದು ಇಲ್ಲಿನ ಪ್ರಶ್ನೆಯಲ್ಲ, ಅದನ್ನು ಅಳೆಯಲು ಹೊರಗಿನವರ ಕೈಯಲ್ಲಿ ಏನೂ ಇಲ್ಲ. ತೊಡಕು ಇರುವುದೇ ಅಲ್ಲಿ. ಅದೇ ದಿನಗಳಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು. ಮಹಾರಾಷ್ಟ್ರ ಬಿಜೆಪಿಯ ವಕ್ತಾರೆಯಾಗಿದ್ದ ವಕೀಲೆಯೊಬ್ಬರನ್ನು ಬಾಂಬೆ ಹೈಕೋರ್ಟಿಗೆ ನೇಮಿಸಲಾಯಿತು. ಎರಡೂ ಸುದ್ದಿ ಓದಿದವರು ಸಹಜವಾಗಿಯೇ ಕೇಳುತ್ತಾರೆ: ಜಡ್ಜ್ ಆಗಬೇಕಾದರೆ ವಶೀಲಿ ಇರಬೇಕು, ಅಲ್ವಾ?

ಇದಕ್ಕೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಯಾವ ಜಡ್ಜ್, ಯಾವ ಹಂತ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೂರು ಹುದ್ದೆ, ಒಂದೇ ಅನುಮಾನ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆಯ ಕೋರ್ಟುಗಳಿಗೆ ಹೋಗುವ ಜನ ಅಲ್ಲಿ ಎರಡು ಬಗೆಯ ಕಾನೂನು ಹುದ್ದೆಗಳನ್ನು ನೋಡುತ್ತಾರೆ: ನ್ಯಾಯಾಧೀಶರು ಮತ್ತು ಸರ್ಕಾರಿ ವಕೀಲರು. ಮೂರನೆಯದು, ಹೈಕೋರ್ಟಿನ ನ್ಯಾಯಮೂರ್ತಿ, ಬೆಂಗಳೂರಿನಲ್ಲಿ ಕಾಣುತ್ತದೆ. ಮೂರರ ಆಯ್ಕೆಯೂ ಬೇರೆ ಬೇರೆ. ಮೂರನ್ನೂ ಸೇರಿಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲು ಸಿವಿಲ್ ನ್ಯಾಯಾಧೀಶರು. ಇವರ ಆಯ್ಕೆಗೆ ಪರೀಕ್ಷೆ ಇದೆ. ಹೈಕೋರ್ಟೇ ಪರೀಕ್ಷೆ ನಡೆಸುತ್ತದೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದದ ಪತ್ರಿಕೆಯೂ ಇದೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಕಾನೂನು ಪದವಿ ಮುಗಿಸಿ ನೇರವಾಗಿ ಪೀಠಕ್ಕೆ ಬರುವ ದಾರಿ ಅಲ್ಲಿಗೆ ಮುಚ್ಚಿತು.

ಜಿಲ್ಲಾ ನ್ಯಾಯಾಧೀಶರಲ್ಲಿ ಹೆಚ್ಚಿನವರು ಕೆಳಗಿನಿಂದ ಬಡ್ತಿ ಪಡೆದು ಬರುತ್ತಾರೆ. ಕಾಲು ಭಾಗದಷ್ಟು ಹುದ್ದೆಗಳಿಗೆ ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿದವರು ನೇರವಾಗಿ ಪರೀಕ್ಷೆ ಬರೆಯುತ್ತಾರೆ. ಸಂವಿಧಾನದ 233ನೇ ವಿಧಿಯ ಪ್ರಕಾರ ನೇಮಕದ ಆದೇಶ ರಾಜ್ಯಪಾಲರದ್ದು. ಆದರೆ ಹೈಕೋರ್ಟಿನ ಜೊತೆ ಸಮಾಲೋಚನೆ ಆಗಲೇಬೇಕು. ವರ್ಗಾವಣೆ, ಬಡ್ತಿ, ಶಿಸ್ತು ಎಲ್ಲವೂ 235ನೇ ವಿಧಿಯಡಿ ಹೈಕೋರ್ಟಿನ ಕೈಯಲ್ಲಿದೆ. ಮಡಿಕೇರಿಯ ಜಿಲ್ಲಾ ನ್ಯಾಯಾಧೀಶರನ್ನು ಶಾಸಕರು ತರಿಸುವುದೂ ಇಲ್ಲ, ಎತ್ತಂಗಡಿ ಮಾಡಿಸುವುದೂ ಇಲ್ಲ. ತಹಶೀಲ್ದಾರರಿಗೂ ನ್ಯಾಯಾಧೀಶರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಈ ಹಂತದಲ್ಲಿ ಅಂಕವೇ ಮುಖ್ಯ. ಅನುಮಾನಕ್ಕೆ ಜಾಗ ಇರುವುದು ಸಂದರ್ಶನದಲ್ಲಿ ಮಾತ್ರ.

ಸರ್ಕಾರಿ ವಕೀಲರದ್ದು ಬೇರೆಯೇ ಕತೆ. ಜಿಲ್ಲಾ ಸರ್ಕಾರಿ ವಕೀಲರು, ಹೈಕೋರ್ಟಿನ ಸರ್ಕಾರಿ ವಕೀಲರು, ಹೆಚ್ಚುವರಿ ಅಡ್ವೊಕೇಟ್ ಜನರಲ್, ಅಡ್ವೊಕೇಟ್ ಜನರಲ್ ಇವರನ್ನೆಲ್ಲ ರಾಜ್ಯ ಸರ್ಕಾರವೇ ಆರಿಸುತ್ತದೆ. ಸರ್ಕಾರ ಬದಲಾದರೆ ಇವರಲ್ಲಿ ಬಹಳಷ್ಟು ಮಂದಿ ಬದಲಾಗುತ್ತಾರೆ. ಇದು ಗುಟ್ಟೇನಲ್ಲ. ಸರ್ಕಾರ ತನ್ನ ಪರ ವಾದಿಸಲು ತಾನು ನಂಬುವ ವಕೀಲರನ್ನು ಇಟ್ಟುಕೊಳ್ಳುತ್ತದೆ. ಜಿಲ್ಲೆಯಲ್ಲಿ ಈ ಬದಲಾವಣೆ ಕಣ್ಣಿಗೆ ಬೀಳುತ್ತದೆ. ನಿನ್ನೆ ಪಕ್ಷದ ವೇದಿಕೆಯಲ್ಲಿದ್ದವರು ಇವತ್ತು ಸರ್ಕಾರಿ ವಕೀಲರಾದಾಗ, ‘ಜಡ್ಜ್ ಕೂಡ ಹೀಗೇ ಆಗೋದು’ ಎಂದು ಜನ ಅಂದುಕೊಳ್ಳುತ್ತಾರೆ.

ಆ ಅನುಮಾನ ಜಿಲ್ಲಾ ಕೋರ್ಟಿನ ಮಟ್ಟಿಗೆ ತಪ್ಪು. ಹೈಕೋರ್ಟಿನ ಮಟ್ಟಿಗೆ ಪೂರ್ತಿ ತಪ್ಪು ಎನ್ನಲಾಗದು. ಯಾಕೆಂದರೆ ಹೈಕೋರ್ಟಿನ ನ್ಯಾಯಮೂರ್ತಿಗಳನ್ನು ಆರಿಸುವಾಗ ಸರ್ಕಾರದ ಪರ ವರ್ಷಗಟ್ಟಲೆ ವಾದಿಸಿದ ವಕೀಲರು ಪೀಠದ ಕಣ್ಣಿಗೆ ಜಾಸ್ತಿ ಬಿದ್ದಿರುತ್ತಾರೆ. ಸರ್ಕಾರಿ ವಕೀಲರ ಹುದ್ದೆ ರಾಜಕೀಯ ಸಂಪರ್ಕದಿಂದ ಸಿಗಬಹುದು. ಆ ಹುದ್ದೆಯಿಂದ ಕೆಲಸ ಸಿಗುತ್ತದೆ, ಕೆಲಸದಿಂದ ಹೆಸರು ಬರುತ್ತದೆ, ಆ ಹೆಸರು ಶಿಫಾರಸಿನ ಪಟ್ಟಿಗೆ ಹೋಗುತ್ತದೆ. ಕೊನೆಯ ಹಂತದಲ್ಲಿ ಯಾರೂ ಫೋನ್ ಮಾಡಬೇಕಾಗಿಲ್ಲ. ಮೊದಲ ಮೆಟ್ಟಿಲಲ್ಲೇ ಆಗಬೇಕಾದದ್ದು ಆಗಿರುತ್ತದೆ.

ಹೈಕೋರ್ಟಿನ ದಾರಿ ಎಷ್ಟು ಉದ್ದ

ಕರ್ನಾಟಕ ಹೈಕೋರ್ಟಿಗೆ ಮಂಜೂರಾದ ನ್ಯಾಯಮೂರ್ತಿ ಹುದ್ದೆ 62. ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿ ಪೀಠಗಳು ಎಲ್ಲ ಸೇರಿ ಇಷ್ಟು. ರೂಢಿಯಂತೆ ಸುಮಾರು ಮೂರನೇ ಒಂದು ಭಾಗ ಜಿಲ್ಲಾ ನ್ಯಾಯಾಧೀಶರಿಂದ ಬರುತ್ತದೆ, ಉಳಿದದ್ದು ವಕೀಲರಿಂದ. ವಕೀಲರಾದರೆ ಹೈಕೋರ್ಟಿನಲ್ಲಿ ಕನಿಷ್ಠ ಹತ್ತು ವರ್ಷ ವಕೀಲಿಕೆ ಮಾಡಿರಬೇಕು. ಪರೀಕ್ಷೆ ಇಲ್ಲ, ಅರ್ಜಿಯೂ ಇಲ್ಲ.

ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಇಬ್ಬರು ಹಿರಿಯ ನ್ಯಾಯಮೂರ್ತಿಗಳ ಜೊತೆ ಕೂತು ಹೆಸರುಗಳನ್ನು ಆರಿಸುತ್ತಾರೆ. ಪಟ್ಟಿ ಮುಖ್ಯಮಂತ್ರಿಗೆ ಮತ್ತು ರಾಜ್ಯಪಾಲರಿಗೆ ಹೋಗುತ್ತದೆ. ರಾಜ್ಯದ ಅಭಿಪ್ರಾಯಕ್ಕೆ ಆರು ವಾರದ ಗಡುವು ಇದೆ. ಅಲ್ಲಿಂದ ಕೇಂದ್ರ ಕಾನೂನು ಸಚಿವಾಲಯಕ್ಕೆ. ಈ ಹೊತ್ತಿಗೆ ಗುಪ್ತಚರ ದಳ ಅಭ್ಯರ್ಥಿಯ ಹಿನ್ನೆಲೆ ವಿಚಾರಿಸಿ ವರದಿ ಕೊಡುತ್ತದೆ. ಆಮೇಲೆ ಕಡತ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಅಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರು ತೀರ್ಮಾನ ಮಾಡುತ್ತಾರೆ. ಅವರು ಒಪ್ಪಿದ ಹೆಸರು ಮತ್ತೆ ಸರ್ಕಾರಕ್ಕೆ, ಕೊನೆಗೆ ರಾಷ್ಟ್ರಪತಿಗಳ ಸಹಿ.

ನೇಮಕದ ಈ ಕಾರ್ಯವಿಧಾನದ ದಾಖಲೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಾಲಿದೆ. ಮುಖ್ಯಮಂತ್ರಿಗೆ ಯಾರದ್ದಾದರೂ ಹೆಸರು ಸೂಚಿಸಬೇಕು ಅನಿಸಿದರೆ ಅದನ್ನು ಮುಖ್ಯ ನ್ಯಾಯಮೂರ್ತಿಗೆ ಕಳಿಸಬಹುದು. ಅಂದರೆ ರಾಜಕೀಯ ನಾಯಕತ್ವ ಹೆಸರು ಹೇಳುವುದು ನಿಯಮದ ಒಳಗೇ ಇದೆ. ಅದನ್ನು ಒಪ್ಪುವುದು, ಬಿಡುವುದು ನ್ಯಾಯಮೂರ್ತಿಗಳಿಗೆ ಬಿಟ್ಟದ್ದು.

ಈ ದಾರಿಯಲ್ಲಿ ಕೊಡಗಿನಂಥ ಜಿಲ್ಲೆಯ ವಕೀಲರ ಪಾಡು ಏನು? ವಿರಾಜಪೇಟೆಯಲ್ಲಿ ಇಪ್ಪತ್ತು ವರ್ಷ ವಾದ ಮಾಡಿದ ಒಬ್ಬ ಒಳ್ಳೆಯ ಸಿವಿಲ್ ವಕೀಲರನ್ನು ಊಹಿಸಿಕೊಳ್ಳಿ. ಕೊಡಗಿನ ಹಳೆಯ ವಂಶಪಾರಂಪರ್ಯ ಭೂಹಿಡುವಳಿಯಾದ ಜಮ್ಮಾ ಬಾಣೆಯ ಕಾಗದಪತ್ರ ಅವರಷ್ಟು ಬಲ್ಲವರು ಬೆಂಗಳೂರಿನಲ್ಲಿ ಸಿಗಲಿಕ್ಕಿಲ್ಲ. ಆದರೆ ಅವರ ವಾದವನ್ನು ಹೈಕೋರ್ಟಿನ ಯಾವ ನ್ಯಾಯಮೂರ್ತಿಯೂ ಕೇಳಿಲ್ಲ. ಕೊಲಿಜಿಯಂ ನೋಡುವ ಸಂಗತಿಗಳಲ್ಲಿ ವಕೀಲಿಕೆಯ ಆದಾಯ ಮತ್ತು ಅವರು ವಾದಿಸಿ ಕಾನೂನು ವರದಿಗಳಲ್ಲಿ ಪ್ರಕಟವಾದ ತೀರ್ಪುಗಳೂ ಸೇರಿವೆ. ತಾಲ್ಲೂಕು ಕೋರ್ಟಿನ ತೀರ್ಪು ಕಾನೂನು ವರದಿಯಲ್ಲಿ ಬರುವುದಿಲ್ಲ. ಆದಾಯವೂ ರಾಜಧಾನಿಯ ಮಟ್ಟಕ್ಕೆ ಏರುವುದಿಲ್ಲ. ರೈಲೇ ಇಲ್ಲದ ಜಿಲ್ಲೆಯಿಂದ ಸುಮಾರು 250 ಕಿಲೋಮೀಟರ್ ದೂರದ ಹೈಕೋರ್ಟಿಗೆ ವಾರವಾರ ಹೋಗಿ ಬರುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಕೊಡಗಿನಿಂದ ನ್ಯಾಯಮೂರ್ತಿಯಾಗಬೇಕಾದರೆ ಮೊದಲು ಬೆಂಗಳೂರಿಗೆ ಹೋಗಿ ನೆಲೆಸಬೇಕು, ಇಲ್ಲವೇ ಪರೀಕ್ಷೆ ಬರೆದು ನ್ಯಾಯಾಂಗ ಸೇವೆಗೆ ಸೇರಬೇಕು.

ಅರ್ಹತೆ ಎಂದರೆ ಬರೀ ಬುದ್ಧಿವಂತಿಕೆ ಅಂತ ತಿಳಿದರೆ ಇದು ಅರ್ಥವಾಗುವುದಿಲ್ಲ. ಅರ್ಹತೆ ಯಾರ ಕಣ್ಣಿಗಾದರೂ ಬೀಳಬೇಕು. ದೊಡ್ಡ ವಕೀಲರ ಕಚೇರಿ, ನ್ಯಾಯಮೂರ್ತಿಗಳ ಕುಟುಂಬ, ಸರ್ಕಾರಿ ವಕೀಲರ ಹುದ್ದೆ, ಪಕ್ಷದ ಕಾನೂನು ಘಟಕ ಇವೆಲ್ಲ ಕಣ್ಣಿಗೆ ಬೀಳುವ ಜಾಗಗಳು. ಅಲ್ಲಿ ಇರುವವರೆಲ್ಲ ಅನರ್ಹರಲ್ಲ. ಅಲ್ಲಿ ಇಲ್ಲದ ಅರ್ಹರನ್ನು ಹುಡುಕಲು ಮಾತ್ರ ಯಾರೂ ಹೊರಡುವುದಿಲ್ಲ.

ಸರ್ಕಾರದ ಕೈಯಿಂದ ನ್ಯಾಯಮೂರ್ತಿಗಳ ಕೈಗೆ

ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಪದ್ಧತಿ ಸಂವಿಧಾನದಲ್ಲಿ ಬರೆದದ್ದಲ್ಲ. ಅದು ಒಂದು ಕಹಿ ಅನುಭವದಿಂದ ಬೆಳೆಯಿತು. ಆ ಅನುಭವದಲ್ಲಿ ಕರಾವಳಿಯ ಒಬ್ಬ ಕನ್ನಡಿಗರೂ ಇದ್ದರು.

1973ರ ಏಪ್ರಿಲ್. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದ ಮರುದಿನವೇ ಇಂದಿರಾ ಗಾಂಧಿ ಸರ್ಕಾರ ಎ.ಎನ್. ರೇ ಅವರನ್ನು ಭಾರತದ ಮುಖ್ಯ ನ್ಯಾಯಮೂರ್ತಿಯನ್ನಾಗಿ ಘೋಷಿಸಿತು. ಅವರಿಗಿಂತ ಹಿರಿಯರಾಗಿದ್ದ ಜೆ.ಎಂ. ಶೆಲತ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಮೂವರನ್ನೂ ಬದಿಗೆ ಸರಿಸಲಾಯಿತು. ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು. ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿಯ ವೇಳೆ ವೈಯಕ್ತಿಕ ಸ್ವಾತಂತ್ರ್ಯದ ಪರ ಏಕಾಂಗಿಯಾಗಿ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಅವರಿಗೂ 1977ರಲ್ಲಿ ಇದೇ ಆಯಿತು.

1981ರಲ್ಲಿ ಎಸ್.ಪಿ. ಗುಪ್ತಾ ಪ್ರಕರಣದ ತೀರ್ಪು ಬಂತು. ನೇಮಕದಲ್ಲಿ ಕೊನೆಯ ಮಾತು ಸರ್ಕಾರದ್ದೇ ಎಂದು ಸುಪ್ರೀಂ ಕೋರ್ಟೇ ಹೇಳಿತು. ಹನ್ನೆರಡು ವರ್ಷದ ಮೇಲೆ, 1993ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು. ಮುಖ್ಯ ನ್ಯಾಯಮೂರ್ತಿ ಮತ್ತು ಹಿರಿಯ ಸಹೋದ್ಯೋಗಿಗಳ ಅಭಿಪ್ರಾಯಕ್ಕೇ ಮೇಲುಗೈ ಸಿಕ್ಕಿತು. 1998ರಲ್ಲಿ ಕೊಲಿಜಿಯಂ ಈಗಿನ ರೂಪಕ್ಕೆ ಬಂತು. ಸರ್ಕಾರ ಒಂದು ಹೆಸರನ್ನು ವಾಪಸ್ ಕಳಿಸಬಹುದು. ಕೊಲಿಜಿಯಂ ಮತ್ತೆ ಅದೇ ಹೆಸರು ಕಳಿಸಿದರೆ ಒಪ್ಪಬೇಕು.

2014ರಲ್ಲಿ ಸಂಸತ್ತು ಸಂವಿಧಾನಕ್ಕೆ 99ನೇ ತಿದ್ದುಪಡಿ ತಂದು ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ ರಚಿಸಿತು. ಅದರಲ್ಲಿ ಮೂವರು ನ್ಯಾಯಮೂರ್ತಿಗಳು, ಕಾನೂನು ಸಚಿವರು ಮತ್ತು ಇಬ್ಬರು ಗಣ್ಯರು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ 4:1 ಬಹುಮತದಿಂದ ಅದನ್ನು ರದ್ದು ಮಾಡಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಜೆ. ಚಲಮೇಶ್ವರ್. ಕೊಲಿಜಿಯಂನ ಒಳಗೆ ಏನು ನಡೆಯುತ್ತದೆ ಎಂಬುದು ಜನರಿಗೂ ಗೊತ್ತಿಲ್ಲ, ಇತಿಹಾಸಕ್ಕೂ ಸಿಗುವುದಿಲ್ಲ ಎಂಬುದು ಅವರ ದೂರಿನ ತಿರುಳು.

ಪಕ್ಷದಲ್ಲಿದ್ದವರು ಪೀಠಕ್ಕೆ ಬರಬಾರದೇ?

ಮೇಲೆ ಹೇಳಿದ ಕೆ.ಎಸ್. ಹೆಗ್ಡೆ ಅವರ ಜೀವನವನ್ನೇ ನೋಡಿ. ಅವರು 1952ರಿಂದ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದು ನೇರ ರಾಜಕೀಯ ನೇಮಕ. ಅದೇ ಹೆಗ್ಡೆ ಮುಂದೆ ಅದೇ ಪಕ್ಷದ ಸರ್ಕಾರದ ವಿರುದ್ಧ ತೀರ್ಪು ಕೊಟ್ಟು ಮುಖ್ಯ ನ್ಯಾಯಮೂರ್ತಿಯಾಗುವ ಅವಕಾಶ ಕಳೆದುಕೊಂಡರು. ವಿ.ಆರ್. ಕೃಷ್ಣ ಅಯ್ಯರ್ ಕೇರಳದ ಮೊದಲ ಕಮ್ಯುನಿಸ್ಟ್ ಸರ್ಕಾರದಲ್ಲಿ ಸಚಿವರಾಗಿದ್ದವರು. ಕೈದಿಗಳ ಹಕ್ಕು, ಬಡವರಿಗೆ ಜಾಮೀನು ಇಂಥ ವಿಷಯದಲ್ಲಿ ಅವರು ಬರೆದದ್ದನ್ನು ಇವತ್ತಿಗೂ ಕೋರ್ಟುಗಳಲ್ಲಿ ಉಲ್ಲೇಖಿಸುತ್ತಾರೆ.

ಬಹರುಲ್ ಇಸ್ಲಾಂ ಅವರ ಉದಾಹರಣೆ ಇದಕ್ಕೆ ತಿರುಗುಮುರುಗು. ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯತ್ವ ಬಿಟ್ಟು 1972ರಲ್ಲಿ ಗುವಾಹಟಿ ಹೈಕೋರ್ಟಿಗೆ ಬಂದರು. ನಿವೃತ್ತಿಯಾದ ಮೇಲೆ 1980ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕವಾದರು. 1982ರ ಡಿಸೆಂಬರ್‌ನಲ್ಲಿ ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಮೇಲಿನ ಮೊಕದ್ದಮೆ ವಾಪಸಾತಿಯನ್ನು ಎತ್ತಿಹಿಡಿದ ಪೀಠದಲ್ಲಿದ್ದರು. ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟರು. ಆಮೇಲೆ ಮತ್ತೆ ಕಾಂಗ್ರೆಸ್ಸಿನಿಂದ ರಾಜ್ಯಸಭೆ ಸೇರಿದರು.

ಪಕ್ಷದ ಹಿನ್ನೆಲೆ ಒಂದೇ, ಫಲ ಬೇರೆ ಬೇರೆ. ಹಾಗಾಗಿ ಪಕ್ಷದಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಬೇಡ ಎನ್ನುವುದು ಸರಿಯಲ್ಲ. ಕೊಡಗಿನಲ್ಲಿ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ವಕೀಲಿಕೆಗೂ ಸಾರ್ವಜನಿಕ ಜೀವನಕ್ಕೂ ಹಳೆಯ ನಂಟು. ವಕೀಲ ಎ.ಕೆ. ಸುಬ್ಬಯ್ಯ ರಾಜ್ಯ ಬಿಜೆಪಿಯ ಮೊದಲ ಅಧ್ಯಕ್ಷರಾಗಿದ್ದರು, ಮುಂದೆ ಅದೇ ಪಕ್ಷದ ಕಟು ಟೀಕಾಕಾರರಾದರು. ವಿರಾಜಪೇಟೆಯಿಂದ 2023ರಲ್ಲಿ ಗೆದ್ದ ಶಾಸಕರೂ ಹಿರಿಯ ವಕೀಲರೇ. ಸಣ್ಣ ಜಿಲ್ಲೆಯಲ್ಲಿ ಓದಿದವರು, ಮಾತು ಬಲ್ಲವರು ಯಾವುದೋ ಒಂದು ಹಂತದಲ್ಲಿ ರಾಜಕೀಯಕ್ಕೆ ಬಂದೇ ಬರುತ್ತಾರೆ.

ನಿಜವಾದ ತೊಂದರೆ ಇರುವುದು ಒಬ್ಬರಿಗೆ ಒಂದು ಅಳತೆ, ಇನ್ನೊಬ್ಬರಿಗೆ ಇನ್ನೊಂದು ಅಳತೆ ಬಳಸುವುದರಲ್ಲಿ. 2023ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿಗೆ ಸಂಬಂಧಿಸಿದ ಎರಡು ಹೆಸರು ಕೊಲಿಜಿಯಂ ಮುಂದಿದ್ದವು. ಒಬ್ಬರು ಆರ್. ಜಾನ್ ಸತ್ಯನ್. ಪ್ರಧಾನಿಯನ್ನು ಟೀಕಿಸಿದ ಲೇಖನವೊಂದನ್ನು ಹಂಚಿಕೊಂಡಿದ್ದರು ಎಂಬ ಆಕ್ಷೇಪ ಅವರ ಮೇಲಿತ್ತು. ಇದು ಅರ್ಹತೆಗೆ ಅಡ್ಡಿಯಲ್ಲ ಎಂದು ಕೊಲಿಜಿಯಂ ಬರೆದು ಮತ್ತೆ ಶಿಫಾರಸು ಮಾಡಿತು. ಆದರೂ ಅವರ ನೇಮಕದ ಆದೇಶ ಬರಲಿಲ್ಲ. ಇನ್ನೊಬ್ಬರು ಬಿಜೆಪಿ ಮಹಿಳಾ ಮೋರ್ಚಾದಲ್ಲಿದ್ದ ವಿಕ್ಟೋರಿಯಾ ಗೌರಿ. ಅಲ್ಪಸಂಖ್ಯಾತರ ಬಗ್ಗೆ ಅವರು ಆಡಿದ್ದರೆಂಬ ಮಾತುಗಳಿಗೆ ವಕೀಲರಿಂದಲೇ ವಿರೋಧ ಬಂತು. ಅವರು ಫೆಬ್ರವರಿ 7ರಂದು ಪ್ರಮಾಣ ವಚನ ಸ್ವೀಕರಿಸಿದರು. ಅದೇ ದಿನ ಸುಪ್ರೀಂ ಕೋರ್ಟ್ ಅವರ ನೇಮಕದ ವಿರುದ್ಧದ ಅರ್ಜಿ ವಜಾ ಮಾಡಿತು. ಕಾನೂನಿನ ಅರ್ಹತೆ ಇದೆಯೇ ಎಂಬುದನ್ನು ಕೋರ್ಟ್ ನೋಡಬಹುದು, ಆ ವ್ಯಕ್ತಿ ಹುದ್ದೆಗೆ ತಕ್ಕವರೇ ಎಂಬುದನ್ನು ನೋಡಲಾಗದು ಎಂಬುದು ತೀರ್ಪಿನ ಸಾರ.

ಈ ತರ್ಕದ ಪರಿಣಾಮ ದೊಡ್ಡದು. ತಕ್ಕವರೇ ಎಂಬ ಪ್ರಶ್ನೆಯನ್ನು ಕೊಲಿಜಿಯಂ ಮಾತ್ರ ನೋಡುತ್ತದೆ. ಅದು ನೋಡಿದ್ದೇನು ಎಂಬುದು ಹೊರಗೆ ಬರುವುದಿಲ್ಲ. ಹೊರಗೆ ಬಾರದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸಲೂ ಆಗುವುದಿಲ್ಲ. ಆಗ ಜನರ ಬಳಿ ಉಳಿಯುವುದು ಊಹೆ ಮಾತ್ರ.

ತಡವೇ ಒಂದು ಅಸ್ತ್ರ

ಕೊಲಿಜಿಯಂ ಇದ್ದ ಮೇಲೆ ಸರ್ಕಾರದ ಪ್ರಭಾವ ಹೋಯಿತು ಎಂದುಕೊಂಡರೆ ತಪ್ಪು. ಪ್ರಭಾವ ಬೀರುವ ಬಗೆ ಬದಲಾಯಿತು ಅಷ್ಟೆ. ಬೇಡ ಎಂದು ಬರೆಯಬೇಕಾಗಿಲ್ಲ, ಸುಮ್ನೆ ಕಡತ ಇಟ್ಟುಕೊಂಡರೆ ಸಾಕು.

ಕರ್ನಾಟಕದ್ದೇ ಎರಡು ಉದಾಹರಣೆ ಇವೆ. ನಮ್ಮ ರಾಜ್ಯದ ಜಿಲ್ಲಾ ನ್ಯಾಯಾಧೀಶರೊಬ್ಬರ ಹೆಸರನ್ನು ಕೊಲಿಜಿಯಂ 2016ರಲ್ಲಿ ಹೈಕೋರ್ಟಿಗೆ ಶಿಫಾರಸು ಮಾಡಿತು. ಅವರ ಮೇಲಿನ ದೂರು ಹೈಕೋರ್ಟಿನ ವಿಚಾರಣೆಯಲ್ಲಿ ನಿಲ್ಲಲಿಲ್ಲ. ಆದರೂ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟನ್ನು ಬಿಟ್ಟು ನೇರವಾಗಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬರೆದು ಮತ್ತೆ ವಿಚಾರಿಸಲು ಕೇಳಿತು. ಇದನ್ನು ಆಕ್ಷೇಪಿಸಿ 2018ರ ಮಾರ್ಚ್‌ನಲ್ಲಿ ಚಲಮೇಶ್ವರ್ ತಮ್ಮ ಸಹೋದ್ಯೋಗಿಗಳಿಗೆ ಕಟುವಾದ ಪತ್ರ ಬರೆದರು. ಆ ನ್ಯಾಯಾಧೀಶರು ಹೈಕೋರ್ಟಿಗೆ ಬಂದದ್ದು 2020ರಲ್ಲಿ, ನಾಲ್ಕು ವರ್ಷದ ಮೇಲೆ. ಹೈಕೋರ್ಟಿನಲ್ಲಿ ನಿವೃತ್ತಿ ವಯಸ್ಸು 62. ಸೇವೆಯಿಂದ ಬರುವವರಿಗೆ ಅಲ್ಲಿ ಸಿಗುವುದೇ ಕೆಲವು ವರ್ಷ. ನಾಲ್ಕು ವರ್ಷ ಹೋದರೆ ಉಳಿಯುವುದೆಷ್ಟು?

ಇನ್ನೊಂದು, ಒಬ್ಬ ವಕೀಲರದ್ದು. 2019ರಲ್ಲಿ ಅವರ ಹೆಸರು ಕರ್ನಾಟಕ ಹೈಕೋರ್ಟಿಗೆ ಶಿಫಾರಸಾಯಿತು. ಕೊಲಿಜಿಯಂ ಮತ್ತೆ ಕಳಿಸಿದರೆ ಸರ್ಕಾರ ಒಪ್ಪಲೇಬೇಕು ಎಂಬ ನಿಯಮ ಇದ್ದರೂ, 2023ರ ಜನವರಿಯಲ್ಲಿ ಅದೇ ಹೆಸರನ್ನು ಮೂರನೇ ಸಲ ಮರುಶಿಫಾರಸು ಮಾಡಬೇಕಾಯಿತು. ಈ ನಡುವೆ, 2021ರಲ್ಲಿ, ಮರುಶಿಫಾರಸಾದ ಹೆಸರನ್ನು ಮೂರು ನಾಲ್ಕು ವಾರದಲ್ಲಿ ನೇಮಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿಯೂ ಇತ್ತು.

ಹೀಗಾದಾಗ ಒಳ್ಳೆಯ ವಕೀಲರು ಏನು ಮಾಡುತ್ತಾರೆ? ಹೆಸರು ಹೋಗಿದೆ ಎಂದು ಗೊತ್ತಾದ ಮೇಲೆ ಹೊಸ ಕೇಸು ತೆಗೆದುಕೊಳ್ಳಲು ಹಿಂಜರಿಕೆ. ಕಕ್ಷಿದಾರರು ದೂರ ಸರಿಯುತ್ತಾರೆ. ವರ್ಷ ಕಳೆದರೂ ಆದೇಶವಿಲ್ಲ. ಇದನ್ನು ನೋಡಿದ ಇತರರು ‘ನನಗೆ ಬೇಡ’ ಎನ್ನುತ್ತಾರೆ. ಸರ್ಕಾರಕ್ಕೆ ಇಷ್ಟವಾದ ಹೆಸರು ಎರಡು ದಿನದಲ್ಲಿ, ಇಷ್ಟವಾಗದ್ದು ನಾಲ್ಕು ವರ್ಷದಲ್ಲಿ ಮುಗಿಯುವುದಾದರೆ, ಯಾವ ಮಾತು ಆಡಬೇಕು, ಯಾವ ಕೇಸು ಹಿಡಿಯಬಾರದು ಎಂಬುದನ್ನು ಮಹತ್ವಾಕಾಂಕ್ಷಿ ವಕೀಲರು ಮೊದಲೇ ಕಲಿಯುತ್ತಾರೆ. ಇದಕ್ಕೆ ಪುರಾವೆ ತೋರಿಸುವುದು ಕಷ್ಟ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹಾನಿ ಇದೇ.

ಎರಡು ಕಡೆಯ ವಾದ

ಸರ್ಕಾರದ ಪರ ಇರುವವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನ್ಯಾಯಮೂರ್ತಿಗಳನ್ನು ಜನ ಆರಿಸುವುದಿಲ್ಲ. ಅವರನ್ನು ಆರಿಸುವವರನ್ನೂ ಜನ ಆರಿಸಿಲ್ಲ. ಚುನಾಯಿತ ಸರ್ಕಾರಕ್ಕೆ ಇಲ್ಲಿ ಸ್ವಲ್ಪವಾದರೂ ಮಾತಿರಬೇಕು ಅಲ್ವಾ ಎಂಬುದು ಅವರ ಪ್ರಶ್ನೆ. ಕೊಲಿಜಿಯಂನಿಂದ ನ್ಯಾಯಮೂರ್ತಿಗಳ ಬಂಧುಗಳೇ ಬರುತ್ತಾರೆ, ದಲಿತರು, ಹಿಂದುಳಿದವರು, ಮಹಿಳೆಯರು ಕಡಿಮೆ ಎಂಬುದೂ ಅವರ ದೂರು.

ಕೊಲಿಜಿಯಂ ಪರ ಇರುವವರು 1973ನ್ನು ನೆನಪಿಸುತ್ತಾರೆ. ಕೋರ್ಟುಗಳಲ್ಲಿ ಅತಿ ಹೆಚ್ಚು ಕೇಸಿರುವುದು ಸರ್ಕಾರದ್ದೇ. ಆಟಗಾರನೇ ಅಂಪೈರನ್ನು ಆರಿಸಿದರೆ ಆಟ ನಿಲ್ಲುತ್ತದೆ ಎಂಬುದು ಅವರ ಮಾತು. ನಿವೃತ್ತಿಯ ನಂತರದ ಹುದ್ದೆಗಳು ಈಗಲೇ ಸರ್ಕಾರದ ಕೈಯಲ್ಲಿವೆ. ನಮ್ಮ ರಾಜ್ಯದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ನಿವೃತ್ತರಾದರು. ಮುಂದಿನ ತಿಂಗಳೇ ಆಂಧ್ರಪ್ರದೇಶದ ರಾಜ್ಯಪಾಲರಾಗಿ ನೇಮಕವಾದರು. ಅವರ ತೀರ್ಪುಗಳ ಮೇಲೆ ಇದರಿಂದ ಯಾವ ಆರೋಪವೂ ಸಾಬೀತಾಗುವುದಿಲ್ಲ. ಆದರೆ ನೇಮಕವೂ, ನಿವೃತ್ತಿಯ ನಂತರದ ಹುದ್ದೆಯೂ ಒಂದೇ ಕೈಗೆ ಹೋದರೆ ಏನಾದೀತು ಎಂಬ ಭಯಕ್ಕೆ ಆಧಾರವಿದೆ.

ಬಂಧುಗಳ ವಿಷಯದಲ್ಲಿ ಈಗ ಒಂದು ಲೆಕ್ಕ ಸಿಕ್ಕಿದೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ತನ್ನ ಜಾಲತಾಣದಲ್ಲಿ ಒಂದು ಪಟ್ಟಿ ಹಾಕಿತು. 2022ರ ನವೆಂಬರ್ 9ರಿಂದ 2025ರ ಮೇ 5ರವರೆಗೆ ಹೈಕೋರ್ಟುಗಳಿಗೆ ಒಪ್ಪಿದ 221 ಹೆಸರು ಅದರಲ್ಲಿದ್ದವು. ಅವರಲ್ಲಿ 14 ಮಂದಿ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಗಳ ಬಂಧುಗಳು, ಅಂದರೆ ನೂರಕ್ಕೆ ಆರು ಚಿಲ್ಲರೆ. ಜನ ಅಂದುಕೊಂಡದ್ದಕ್ಕಿಂತ ಇದು ಕಡಿಮೆ. ಬಂಧು ಎಂದಾಕ್ಷಣ ಅನರ್ಹರು ಅಂತಲೂ ಅಲ್ಲ. ಭಿನ್ನಮತ ಬರೆದ ನಾಗರತ್ನ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ ಅವರ ಮಗಳು. ಅವರ ಸ್ವತಂತ್ರ ಬುದ್ಧಿಗೆ ಆ ಭಿನ್ನಮತವೇ ಸಾಕ್ಷಿ. ಆದರೆ ಈ ಪಟ್ಟಿಯಲ್ಲಿ ನ್ಯಾಯಮೂರ್ತಿಗಳ ಬಂಧುತ್ವ ಮಾತ್ರ ಇದೆ. ಅಭ್ಯರ್ಥಿ ಯಾವ ಪಕ್ಷದಲ್ಲಿದ್ದರು, ಯಾವ ಸರ್ಕಾರದ ವಕೀಲರಾಗಿದ್ದರು, ಯಾವ ಹಿರಿಯ ವಕೀಲರ ಕಚೇರಿಯಿಂದ ಬಂದವರು ಎಂಬ ಕಾಲಂ ಇಲ್ಲ.

ಬೇರೆ ದೇಶಗಳಲ್ಲೂ ಪರಿಪೂರ್ಣ ದಾರಿ ಸಿಕ್ಕಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ನ್ಯಾಯಾಧೀಶರು ಚುನಾವಣೆಗೇ ನಿಲ್ಲುತ್ತಾರೆ, ಪ್ರಚಾರಕ್ಕೆ ದೇಣಿಗೆಯನ್ನೂ ಎತ್ತುತ್ತಾರೆ. ಅದಕ್ಕೆ ಬೇಸತ್ತು ಮಿಸೌರಿ ರಾಜ್ಯ 1940ರಲ್ಲಿ ಹೊಸ ಪದ್ಧತಿ ತಂದಿತು. ಪಕ್ಷಾತೀತ ಆಯೋಗವೊಂದು ಮೂರು ಹೆಸರು ಕೊಡುತ್ತದೆ, ಗವರ್ನರ್ ಅದರಲ್ಲಿ ಒಬ್ಬರನ್ನು ಆರಿಸುತ್ತಾರೆ. ಇಂಗ್ಲೆಂಡಿನಲ್ಲಿ 2006ರಿಂದ ಆಯೋಗವೊಂದು ಹುದ್ದೆಗಳನ್ನು ಜಾಹೀರಾತು ಕೊಟ್ಟು ತುಂಬುತ್ತದೆ. ಅಲ್ಲಿ ಅರ್ಹತೆ ಇರುವ ಯಾರು ಬೇಕಾದರೂ ಅರ್ಜಿ ಹಾಕಬಹುದು. ನಮ್ಮಲ್ಲಿ ಮುಖ್ಯವಾಗಿ ಇಲ್ಲದ್ದು ಈ ಅರ್ಜಿಯ ದಾರಿಯೇ.

ಕೊಡಗಿಗೆ ಇದರಿಂದ ಏನು?

ಕೊಡಗಿನ ಜನರ ದೊಡ್ಡ ವ್ಯಾಜ್ಯಗಳಲ್ಲಿ ಎದುರಿಗಿರುವುದು ಹೆಚ್ಚಾಗಿ ಸರ್ಕಾರವೇ. ಜಮ್ಮಾ ಬಾಣೆ ಹಿಡುವಳಿದಾರರದ್ದೋ ಸರ್ಕಾರದ್ದೋ ಎಂಬ ಪ್ರಶ್ನೆ ದಶಕಗಳಿಂದ ಕಂದಾಯ ಕಚೇರಿ ಮತ್ತು ಹೈಕೋರ್ಟಿನ ನಡುವೆ ಓಡಾಡಿದೆ. ದೇವರಕಾಡಿನ ಒತ್ತುವರಿ, ಅರಣ್ಯದ ಗಡಿ, ಮರ ಕಡಿಯುವ ಅನುಮತಿ, ರೆಸಾರ್ಟಿಗೆ ಭೂಪರಿವರ್ತನೆ, ಆನೆ ದಾಳಿಯ ಪರಿಹಾರ, ಎಲ್ಲದರಲ್ಲೂ ಒಂದು ಕಡೆ ಸರ್ಕಾರ ಇದ್ದೇ ಇರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿ ತೀರ್ಮಾನವಾದದ್ದೂ ಹೈಕೋರ್ಟಿನಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಅದು ಆ ವಿನಾಯಿತಿ ಕೊಟ್ಟ ಕೇಂದ್ರದ 2019ರ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಪೀಠದಲ್ಲಿ ಕೂತವರು ಸರ್ಕಾರದ ಋಣದಲ್ಲಿದ್ದಾರೆ ಎಂಬ ಅನುಮಾನ ಇದ್ದರೆ ಗೆದ್ದವರಿಗೂ ಆ ಗೆಲುವು ಗಟ್ಟಿಯಲ್ಲ, ಸೋತವರಿಗೂ ಸಮಾಧಾನವಿಲ್ಲ.

ಇನ್ನೊಂದು ಪ್ರಸ್ತಾಪದ ಬಗ್ಗೆಯೂ ಕೊಡಗು ಯೋಚಿಸಬೇಕು. ಐಎಎಸ್ ಮಾದರಿಯಲ್ಲಿ ಅಖಿಲ ಭಾರತ ನ್ಯಾಯಾಂಗ ಸೇವೆ ಬರಲಿ, ಆಗ ಶುದ್ಧ ಅರ್ಹತೆಗೆ ಬೆಲೆ ಸಿಗುತ್ತದೆ ಎಂಬ ವಾದ ಆಗಾಗ ಬರುತ್ತದೆ. 1976ರ ತಿದ್ದುಪಡಿಯಿಂದ ಸಂವಿಧಾನದ 312ನೇ ವಿಧಿಯಲ್ಲಿ ಅದಕ್ಕೆ ಅವಕಾಶವಿದೆ. ಅದು ಜಿಲ್ಲಾ ನ್ಯಾಯಾಧೀಶರ ಮಟ್ಟಕ್ಕೆ ಮಾತ್ರ. ಆದರೆ ಮಡಿಕೇರಿಯ ಸಾಕ್ಷಿ ಕಟಕಟೆಯಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವರ ಮತ್ತು ಕುರುಬರ ಮಾತು ಎಲ್ಲವೂ ಕೇಳುತ್ತವೆ. ಸಾಕ್ಷಿ ಹೇಳಿದ್ದು ಸುಳ್ಳೋ, ಹೆದರಿಕೆಯೋ ಎಂದು ತಿಳಿಯಲು ಕನ್ನಡವಾದರೂ ಚೆನ್ನಾಗಿ ಬರಬೇಕು. ದೇಶಕ್ಕೆಲ್ಲ ಒಂದೇ ಪರೀಕ್ಷೆಯ ರ‍್ಯಾಂಕ್ ಅದನ್ನು ಅಳೆಯುವುದಿಲ್ಲ. ಈಗಿನ ರಾಜ್ಯ ಪರೀಕ್ಷೆಯಲ್ಲಿರುವ ಅನುವಾದ ಪತ್ರಿಕೆ ಸಣ್ಣದಾಗಿ ಕಂಡರೂ ಅದರ ಬೆಲೆ ದೊಡ್ಡದು.

ಮುಂದೇನಾಗಬಹುದು

ನ್ಯಾಯಾಂಗ ನೇಮಕಾತಿ ಆಯೋಗದ ಮಾತು ಸಂಸತ್ತಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಅದಕ್ಕೆ ಮತ್ತೆ ಸಂವಿಧಾನ ತಿದ್ದುಪಡಿ ಬೇಕು, ಮತ್ತೆ ಅದು ಕೋರ್ಟಿನ ಪರೀಕ್ಷೆಯಲ್ಲಿ ನಿಲ್ಲಬೇಕು. ಹತ್ತಿರದಲ್ಲಿ ಅದು ಆಗುವ ಲಕ್ಷಣ ಕಡಿಮೆ. ಅಲ್ಲಿಯವರೆಗೆ ಕೊಲಿಜಿಯಂ ತಾನೇ ಮಾಡಬಹುದಾದದ್ದು ಇದೆ, ಮಾಡಿಯೂ ಇದೆ. 2017ರ ಅಕ್ಟೋಬರ್‌ನಿಂದ ಅದು ಕಾರಣ ಸಮೇತ ನಿರ್ಣಯಗಳನ್ನು ಪ್ರಕಟಿಸತೊಡಗಿತು. ಕೆಲವು ವರ್ಷದಲ್ಲಿ ಕಾರಣಗಳು ಮಾಯವಾದವು, ಬರೀ ಹೆಸರುಗಳು ಉಳಿದವು. 2023ರ ಜನವರಿಯಲ್ಲಿ ಗುಪ್ತಚರ ಆಕ್ಷೇಪಗಳನ್ನೂ ಬಹಿರಂಗಪಡಿಸಿ ಉತ್ತರ ಬರೆಯಿತು. ಆಮೇಲೆ ಮತ್ತೆ ಮೌನ. ಇಷ್ಟ ಬಂದಾಗ ತೆರೆದು ಇಷ್ಟ ಬಂದಾಗ ಮುಚ್ಚುವ ಬಾಗಿಲಿನಿಂದ ನಂಬಿಕೆ ಬರುವುದಿಲ್ಲ.

ಹೈಕೋರ್ಟಿನ ಹಂತದಲ್ಲಂತೂ ಬಾಗಿಲು ತೆರೆದೇ ಇಲ್ಲ. ಬೆಂಗಳೂರಿನಿಂದ ಯಾರ ಹೆಸರು ಹೋಯಿತು, ಯಾವಾಗ ಹೋಯಿತು, ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತು ಎಂಬುದನ್ನು ಯಾರೂ ಪ್ರಕಟಿಸುವುದಿಲ್ಲ. ಈ ದಿನಾಂಕಗಳನ್ನು ಜಾಲತಾಣದಲ್ಲಿ ಹಾಕಲು ಹೊಸ ಕಾನೂನು ಬೇಡ. ಜಿಲ್ಲಾ ವಕೀಲರ ಸಂಘಗಳಿಂದ, ಮಡಿಕೇರಿ, ವಿರಾಜಪೇಟೆ ಸೇರಿ, ಹೆಸರು ಆಹ್ವಾನಿಸಲೂ ಹೊಸ ಕಾನೂನು ಬೇಡ. ಹಾಗೆ ಬಂದ ಹೆಸರನ್ನು ತಿರಸ್ಕರಿಸುವಾಗಲೂ ಎರಡು ಸಾಲು ಕಾರಣ ಬರೆಯಬೇಕಾಗುತ್ತದೆ.

2019ರ ಮೇ 8ರ ನಿರ್ಣಯದಲ್ಲಿ ಬೋಪಣ್ಣ ಅವರ ಬಗ್ಗೆ ಬರೆದದ್ದು ಅಷ್ಟೇನೂ ಉದ್ದವಿಲ್ಲ. ಆದರೂ ಅವರಿಗಿಂತ ಹಿರಿಯರು ಇದ್ದೂ ಇವರೇ ಯಾಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ. 2025ರ ಆಗಸ್ಟ್‌ನ ಪ್ರಕಟಣೆಯಲ್ಲಿ ಹೆಸರುಗಳಿದ್ದವು. ನಾಗರತ್ನ ಅವರ ಭಿನ್ನ ಟಿಪ್ಪಣಿ ಅದರ ಜೊತೆ ಬರಲಿಲ್ಲ.